ಹಿಂದಿನ ಸೀಟಿನ ಎಡಗಡೆ

ನಮ್ಮ ಹಿತ್ತಲಿನ ತೊಂಡೆಬಳ್ಳಿ ಹಬ್ಬಿರುವುದು ಚಪ್ಪರದ ಮೇಲಲ್ಲ, ಒಂದು ಸೀರೆ ಗಾರ್ಡಿನ ಮೇಲೆ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಬ್ಯಾಂಕಿನ ಹುಡುಗಿ ಮೊನ್ನೆ ಕಾಂಪೌಂಡಿನಾಚೆಯಿಂದ ಅದನ್ನು ನೋಡಿ, "ಆಂಟಿ, ಅದು ಯಾವ ಕಿಟಕಿದು?" ಎಂದು ಕೇಳಿದಳು. ತನ್ನ ಸ್ಕೂಟರನ್ನು ತಾನೇ ಓಡಿಸಿಕೊಂಡು ಹೋಗುವವಳು. ಅವಳಿಗೆ ಗೊತ್ತಿಲ್ಲದಿರುವುದು ಸಹಜವೇ. ಮೋಟಾರ್ ಸೈಕಲ್ಲಿನ ಹಿಂದೆ ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕೂರುವ ನಮ್ಮಂಥವರ ನೆರಿಗೆ ಚಕ್ರಕ್ಕೆ ಸಿಕ್ಕದಿರಲಿ ಅಂತ ಹಾಕುವ ಜಾಲರಿ ಕಣಮ್ಮ ಎಂದೆ. "ಇಷ್ಟು ದೊಡ್ಡದಾ? ಇದರ ಮೇಲೆ ಆನೆ ಕೂರಬಹುದು" ಎಂದು ನಕ್ಕಳು. ಆನೆಯಲ್ಲ, ಹಸು ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವಳಿಗೆ ಬ್ಯಾಂಕಿಗೆ ಹೊತ್ತಾಯಿತು. ಉಳಿದದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ಹಸು ಎಂದುಕೊಂಡದ್ದಕ್ಕೆ ಕಾರಣವಿದೆ. ನಮ್ಮ ಯಜಮಾನರು ದನದ ಡಾಕ್ಟರು. ಮದುವೆ ಗೊತ್ತಾದಾಗ ಹಾಸನದ ಕಾನ್ವೆಂಟಿನಲ್ಲಿ ನನ್ನ ಜೊತೆ ಓದಿದವರೆಲ್ಲ "ಹುಡುಗ ಡಾಕ್ಟರಂತೆ, ಯಾವ ಆಸ್ಪತ್ರೆ?" ಎಂದು ಕೇಳುತ್ತಿದ್ದರು. ಉತ್ತರ ಕೇಳಿದ ಮೇಲೆ ಬಹಳ ಮರ್ಯಾದೆಯಿಂದ ಮಾತು ಬದಲಿಸುತ್ತಿದ್ದರು. ಆಗಿನ್ನೂ ತೊಂಬತ್ತರ ದಶಕದ ಮೊದಲ ವರ್ಷಗಳು. ಹೊಳೆನರಸೀಪುರದ ಇವರ ಆಸ್ಪತ್ರೆಯ ಅಂಗಳದಲ್ಲಿ, ಹಸುಗಳು ಒದೆಯದಂತೆ ಒಳಗೆ ನಿಲ್ಲಿಸಲು ಕಬ್ಬಿಣದ ಪೈಪಿನ ಒಂದು ಚೌಕಟ್ಟು ತಯಾರಾಗುತ್ತಿತ್ತಂತೆ. ಪೈಪು ಸ್ವಲ್ಪ ಮಿಕ್ಕಿತು. ಲಗ್ನಪತ್ರಿಕೆ ಆಗಲೇ ಅಚ್ಚಿಗೆ ಹೋಗಿತ್ತು. ಇವರು ವೆಲ್ಡಿಂಗಿನವನಿಗೆ, "ಇದರಲ್ಲೇ ನನ್ನ ಗಾಡಿಗೊಂದು ಸೀರೆ ಗಾರ್ಡು ಮಾಡಿಬಿಡಪ್ಪ" ಎಂದರು. ಆ ಪುಣ್ಯಾತ್ಮನಿಗೆ ದನದ ಅಳತೆಯಿಂದ ಹೆಂಗಸಿನ ಅಳತೆಗೆ ಇಳಿಯಲು ಆಗಲಿಲ್ಲ. ಚಕ್ರದಿಂದ ಒಂದು ಗೇಣು ದೂರಕ್ಕೆ ಜಾಲರಿ, ಕೆಳಗೆ ಎರಡು ಪಾದವನ್ನೂ ಚಾಚಿ ಇಡುವಷ್ಟು ಅಗಲದ ಹಲಗೆ, ಹಿಡಿದುಕೊಳ್ಳಲು ದಪ್ಪ ಬಳೆಯಂಥ ಒಂದು ಹಿಡಿ. ಮದುವೆಯಾದ ಮರುವಾರ ಆ ಹಲಗೆಯ ಮೇಲೆ ಕಾಲಿಟ್ಟು ಕೂತಾಗ, ಈ ಮನುಷ್ಯ ನನ್ನನ್ನು ಮನೆಯಲ್ಲೇ ಕೂರಿಸಿಬಿಡುವವರಲ್ಲ ಎಂಬ ಧೈರ್ಯ ಬಂತು. ಮಲ್ಲಿಗೆ ಹೂವು, ಸಿನಿಮಾ ಟಿಕೆಟ್ಟು ಯಾವುದೂ ಆ ಧೈರ್ಯ ಕೊಡುತ್ತಿರಲಿಲ್ಲ.

ನನಗೆ ಆ ಧೈರ್ಯ ಬೇಕಿತ್ತು. ಏಕೆಂದರೆ ನನ್ನದು ಮೊದಲಿನಿಂದಲೂ ಕಾಲು ನಿಲ್ಲದ ಕಾಯಿಲೆ. ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ನಮ್ಮ ತಲೆಯ ಮೇಲೆ ಪುಸ್ತಕವಿಟ್ಟು ವರಾಂಡದ ಉದ್ದಕ್ಕೂ ನಡೆಸುತ್ತಿದ್ದರು. ಕೂತಾಗ ಎರಡೂ ಮಂಡಿ ಸೇರಿರಬೇಕು, ಪಾದ ಒಂದರ ಪಕ್ಕ ಒಂದಿರಬೇಕು. ನನ್ನ ತಲೆಯ ಮೇಲೆ ಪುಸ್ತಕ ಅಲುಗದೆ ನಿಲ್ಲುತ್ತಿತ್ತು; ಬೆಂಚಿನ ಕೆಳಗೆ ಕಾಲು ಮಾತ್ರ ನಿಲ್ಲುತ್ತಿರಲಿಲ್ಲ. "ಈ ಮಗುವಿನ ಕಾಲಲ್ಲಿ ಇರುವೆ ಇದೆ" ಎಂದು ಅವರು ನಮ್ಮಮ್ಮನಿಗೆ ಹೇಳಿದ್ದರು. ಆ ಇರುವೆಗಳನ್ನು ಕಟ್ಟಿಕೊಂಡೇ ನಾನು ಅತ್ತೆಯ ಮನೆಗೆ ಬಂದೆ. ಅದು ಹೊಳೆನರಸೀಪುರದ ಹಳೇ ಬೀದಿ. ಅಲ್ಲಿ ಹೆಂಗಸರು ಹೊಸ್ತಿಲು ದಾಟಲು ಒಂದು ಕಾರಣ ಇರಬೇಕಿತ್ತು. ದೇವಸ್ಥಾನವಾಗಬಹುದು, ಬಾಣಂತಿಯನ್ನು ನೋಡುವುದಾಗಬಹುದು, ಯಾರಾದರೂ ಹೋಗಿಬಿಟ್ಟಿದ್ದರೂ ಆಗಬಹುದು. 'ಸುಮ್ಮನೆ ಹೀಗೇ ಹೋಗಿ ಬರುತ್ತೇನೆ' ಎಂದರೆ ಅತ್ತೆ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಿದ್ದರು. ಗಂಡನ ಗಾಡಿಯ ಹಿಂದೆ ಹೋದರೆ ಮಾತ್ರ ಯಾರೂ ಕಾರಣ ಕೇಳುತ್ತಿರಲಿಲ್ಲ. ನನ್ನ ಪಾಲಿಗೆ ಇಡೀ ಊರಿನಲ್ಲಿ ಸುಮ್ಮನೆ ಹೋಗುವ ಜಾಗ ಎಂದು ಇದ್ದದ್ದು ಅದೊಂದೇ ಸೀಟು.

ಇವರಿಗೆ ರಜದ ದಿನವೂ ಕರೆ ಬರುತ್ತಿತ್ತು. ಹಳೇಕೋಟೆಯ ಕಡೆ ಹೊಟ್ಟೆಯಲ್ಲೇ ಕರು ಅಡ್ಡ ಸಿಕ್ಕಿದೆ, ಹಳ್ಳಿಮೈಸೂರಿನ ಹತ್ತಿರ ಎಮ್ಮೆ ಮೇವು ಬಿಟ್ಟಿದೆ. ನಾನು ಒಲೆ ಆರಿಸಿ ಸೀರೆ ಬದಲಿಸಿ ಗೇಟಿನ ಹತ್ತಿರ ನಿಂತುಬಿಡುತ್ತಿದ್ದೆ. ಮೊದಮೊದಲು, "ನೀನು ಅಲ್ಲಿ ಏನು ಮಾಡ್ತೀಯ?" ಎಂದು ಕೇಳುತ್ತಿದ್ದರು. ಒಂದು ಸಲ ನಾನು ಏನೋ ಮಾಡಿದ ಮೇಲೆ ಕೇಳುವುದನ್ನು ನಿಲ್ಲಿಸಿದರು.

ಹಳೇಕೋಟೆಯಿಂದ ಒಳಗೆ ಒಂದು ಊರು. ಒಳ್ಳೇ ಕರೆಯುವ ಹಸು ಹೊಟ್ಟೆ ಉಬ್ಬರಿಸಿಕೊಂಡು, ಕಿವಿ ಜೋತುಹಾಕಿ ನಿಂತಿತ್ತು. ಏನು ತಿಂದಿತ್ತು ಎಂದು ಇವರು ಕೇಳಿದರೆ ಆ ಮನೆಯ ಯಜಮಾನ, "ಏನೂ ಇಲ್ಲ ಸಾ, ದಿನಾ ತಿನ್ನೋ ಉಲ್ಲೇಯ" ಎಂದ. ಸುತ್ತ ನಿಂತ ಗಂಡಸರೆಲ್ಲ ಹುಲ್ಲೇ ಎಂದು ಸಾಕ್ಷಿ ಹೇಳಿದರು. ನಾನು ಹಿತ್ತಲ ಕಡೆ ನೀರು ಕುಡಿಯಲು ಹೋದೆ. ಆ ಮನೆಯ ಪುಟ್ಟಗೌರಮ್ಮ ನೀರಿನ ಚೊಂಬು ಕೊಟ್ಟು ಸುತ್ತ ನೋಡಿ, ಸಣ್ಣ ದನಿಯಲ್ಲಿ, "ಅವ್ವಾರೆ, ನೆನ್ನೆ ನಾಮಕರಣದ ಅನ್ನ ಒಂದು ಕೊಳಗ ಮಿಕ್ಕೋಗಿತ್ತು. ಅಷ್ಟೊಂದು ಯಾಕ್ ಬೇಯ್ಸ್ದೆ ಅಂತ ನಮ್ಮತ್ತೆ ಬೈತಾರಲ್ಲ, ಅದ್ಕೆ ಅಸೀಗೆ ಆಕ್ಬುಟ್ಟೆ. ಯೋಳ್ಬ್ಯಾಡಿ ಕಣ್ರವ್ವ" ಎಂದಳು. ನಾನು ಬಂದು ಇವರ ಎಡಗಿವಿಯಲ್ಲಿ ಹೇಳಿದೆ. ಇವರು ಏನೂ ಗೊತ್ತಿಲ್ಲದವರ ಹಾಗೆ, "ಕೆಲವು ಹಸುಗಳಿಗೆ ಹುಲ್ಲೇ ಹೀಗೆ ಹುಳಿಯಾಗುತ್ತೆ" ಎಂದು, ಅದಕ್ಕೆ ತಕ್ಕ ಸೋಡಾ ಕಲಸಿ ಕುಡಿಸಿದರು. ಹಸು ಉಳಿಯಿತು, ಪುಟ್ಟಗೌರಮ್ಮನ ಮರ್ಯಾದೆಯೂ ಉಳಿಯಿತು. ವಾಪಸು ಬರುವಾಗ ನನ್ನ ತೊಡೆಯ ಮೇಲೆ ಒಂದು ದೊಡ್ಡ ಸಿಹಿಗುಂಬಳ. ದನಕ್ಕೆ ಹಾಕುವವರು ಹೆಂಗಸರು, ಡಾಕ್ಟರ ಹತ್ತಿರ ಮಾತಾಡುವವರು ಗಂಡಸರು. ನಡುವಿನ ಆ ಸಂದಿಯಲ್ಲಿ ನನಗೊಂದು ಕೆಲಸ ಸಿಕ್ಕಿತ್ತು. ಆ ಕೆಲಸಕ್ಕೂ ಬೇಕಾದದ್ದು ಅದೇ ಸೀಟು.

ಇನ್ನೊಂದು ವಿಷಯ ಹೇಳಬೇಕು, ನಗಬಾರದು. ಒಂದೇ ಪಕ್ಕಕ್ಕೆ ಕೂರುವ ಹೆಂಗಸಿಗೆ ಪ್ರಪಂಚದ ಎಡಗಡೆ ಮಾತ್ರ ಕಾಣುತ್ತದೆ. ಚನ್ನರಾಯಪಟ್ಟಣದ ದಾರಿ ಎಂದರೆ ನನಗೆ ಎಡಗಡೆಯ ತೆಂಗಿನ ಸಾಲು. ಹಳ್ಳಿಮೈಸೂರಿನ ದಾರಿ ಎಂದರೆ ಎಡಗಡೆಯ ಗದ್ದೆ ಬಯಲು. ಬಲಗಡೆ ಇದ್ದದ್ದೆಲ್ಲ ನನ್ನ ಬೆನ್ನಿನ ಹಿಂದೆ. ಬರುವಾಗ ಆ ಬಲಗಡೆಯೇ ಎಡಗಡೆಯಾಗಿ ಬರುತ್ತಿತ್ತು ನಿಜ, ಆದರೆ ಅಷ್ಟರಲ್ಲಿ ಹೊತ್ತು ಬದಲಾಗಿರುತ್ತಿತ್ತಲ್ಲ! ಅರಕಲಗೂಡಿನಲ್ಲಿ ಇವರ ಅಕ್ಕನ ಮನೆ. ಭಾನುವಾರ ಬೆಳಿಗ್ಗೆ ಹೋಗಿ ಊಟ ಮಾಡಿ ಸಂಜೆ ಬರುವುದು ರೂಢಿ. ಹೀಗಾಗಿ ಅರಕಲಗೂಡು ರಸ್ತೆಯ ಒಂದು ಬದಿಯಲ್ಲಿ ನನಗೆ ಯಾವಾಗಲೂ ಬೆಳಗು, ಇನ್ನೊಂದು ಬದಿಯಲ್ಲಿ ಯಾವಾಗಲೂ ಸಂಜೆ.

ಆ ಸಂಜೆಯ ಬದಿಯಲ್ಲಿ ನೀಲಿ ಬಾಗಿಲಿನ ಒಂದು ಹೆಂಚಿನ ಮನೆಯಿತ್ತು. ಜಗಲಿಯ ಮೇಲೆ ಒಬ್ಬ ಹೆಂಗಸು ಕಂಬಕ್ಕೊರಗಿ, ಕೆನ್ನೆಗೆ ಕೈ ಕೊಟ್ಟು ಕೂತಿರುತ್ತಿದ್ದಳು. ಪ್ರತಿ ಸಲವೂ ಅಲ್ಲೇ, ಹಾಗೇ. ಯಾರನ್ನೋ ಕಾಯುತ್ತಿದ್ದಾಳೆ, ಅವರು ಬರುತ್ತಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅವಳ ಗಂಡನನ್ನು ಮನಸ್ಸಿನಲ್ಲೇ ಊರು ಬಿಡಿಸಿದ್ದೆ, ಮಕ್ಕಳನ್ನು ದೂರದ ಹಾಸ್ಟೆಲಿಗೆ ಸೇರಿಸಿದ್ದೆ. ಮನೆ ಹಿಂದಾದ ಮೇಲೂ ಕುತ್ತಿಗೆ ತಿರುಗಿಸಿ ನೋಡುತ್ತಿದ್ದೆ. ಪಾಪ ಎನಿಸುತ್ತಿತ್ತು. ಒಂದು ದಿನ ಅವಳನ್ನು ಬೆಳಗಿನ ಹೊತ್ತು ನೋಡಬೇಕು ಎಂದೂ ಅನಿಸುತ್ತಿತ್ತು. ಆದರೆ ಬೆಳಿಗ್ಗೆ ಅವಳು ಬಲಗಡೆಯಲ್ಲವೇ.

ಗಾಡಿಯ ವಿಷಯಕ್ಕೆ ಬರುತ್ತೇನೆ. ಇವರದು ಹಳೇ ಟೂ ಸ್ಟ್ರೋಕ್. ಹಸಿರು ಟ್ಯಾಂಕು, ಕಬ್ಬಿಣದ ಮಡ್‌ಗಾರ್ಡು. ತನ್ನನ್ನು ಮಾಡಿರುವುದು ಟಾರು ರಸ್ತೆಗೋ ನಾಲೆ ಏರಿಗೋ ಎಂದು ಅದಕ್ಕೇ ಗೊತ್ತಿರಲಿಲ್ಲ. ಎರಡರ ಮೇಲೂ ಒಂದೇ ಥರ ಕುಲುಕುತ್ತಿತ್ತು. ಅದರ ಸದ್ದು ರೈಲ್ವೆ ಗೇಟಿನಿಂದಲೇ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನಾನು ಕಾವಲಿ ಇಟ್ಟರೆ ಇವರು ಕೈಕಾಲು ತೊಳೆಯುವ ಹೊತ್ತಿಗೆ ದೋಸೆ ಏಳುತ್ತಿತ್ತು. ಹಳ್ಳಿಗಳಲ್ಲಿ ನಾಲೆಯ ತಿರುವಿನಲ್ಲಿ ಪಟಪಟ ಕೇಳಿದರೆ ಸಾಕು, ಜನ ದನಗಳನ್ನು ತಂದು ಅರಳಿಕಟ್ಟೆಯ ಹತ್ತಿರ ಕಟ್ಟುತ್ತಿದ್ದರು. ಒಮ್ಮೆ ಇಂಜೆಕ್ಷನ್ ಚುಚ್ಚಿಸಿಕೊಂಡ ಹಸುಗಳಂತೂ ಆ ಸದ್ದಿಗೆ ಕಿವಿ ನಿಗುರಿಸಿ ಹಗ್ಗ ಕಿತ್ತು ಓಡುತ್ತಿದ್ದವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅದಕ್ಕೆ ವಯಸ್ಸು ಹಿಡಿಯಿತು. ಏರು ಕಂಡರೆ ಉಬ್ಬಸ, ಮಳೆ ಕಂಡರೆ ಮೌನ. ಅದೇ ಹೊತ್ತಿಗೆ ಹಾಸನದ ಒಂದು ಷೋರೂಮಿಗೆ ಹೊಸ ಥರದ ಗಾಡಿ ಬಂತು. ಫೋರ್ ಸ್ಟ್ರೋಕ್. ಎತ್ತರದ ಮೈ, ಉಬ್ಬುತಗ್ಗಿನ ಟೈರು, ಮುಂದಿನ ಮಡ್‌ಗಾರ್ಡು ಚಕ್ರಕ್ಕೆ ಅಂಟದೆ ಹಕ್ಕಿಯ ಕೊಕ್ಕಿನ ಹಾಗೆ ಮೇಲೆ ಚಾಚಿತ್ತು. ಟಾರಿಗೂ ಸೈ, ಕೆಸರಿಗೂ ಸೈ ಎಂದರಂತೆ. ಷೋರೂಮಿನವರ ತೋಟದ ಮನೆಯ ಹಸುಗಳಿಗೆಲ್ಲ ಇವರೇ ಡಾಕ್ಟರು. "ವಾರದ ಮಟ್ಟಿಗೆ ಓಡಿಸಿ ನೋಡಿ ಡಾಕ್ಟ್ರೇ, ಆಮೇಲೆ ಮಾತಾಡಣ" ಎಂದು ಗಾಡಿಯನ್ನು ಕೊಟ್ಟೇ ಕಳಿಸಿದರು, ಮೇಲೊಂದು ಹೆಲ್ಮೆಟ್ಟು ಬೇರೆ.

ಆ ವಾರ ಸಂಜೆಯಾದರೆ ನಮ್ಮ ಜಗಲಿಯ ಮೇಲೆ ಸಭೆ. ಹಳೇ ಗಾಡಿಯ ಪರ ಮೆಕ್ಯಾನಿಕ್ ಬಾಷಾ, ಹೊಸದರ ಪರ ಇವರ ಗೆಳೆಯ, ಹೈಸ್ಕೂಲಿನ ಶಿವಣ್ಣ ಮೇಷ್ಟ್ರು.

"ಬೋರ್ ಮಾಡ್ಸಿ, ಪಿಸ್ಟನ್ ಹಾಕ್ಸಿ ಡಾಕ್ಟ್ರೇ, ಇನ್ನೂ ಹತ್ತು ವರ್ಸ ಅಲ್ಲಾಡಲ್ಲ. ಇದು ಲೋಹ. ಅದು ಪಿಲಾಸ್ಟಿಕ್" ಎಂದು ಬಾಷಾ.

"ಲೋಹ ಅಂದ್ರೆ ಏನ್ಲಾ? ಕೆಸರಲ್ಲಿ ಬಿದ್ರೆ ಎತ್ತಕ್ಕೆ ನಾಕ್ ಜನ ಬೇಕು. ಅಸಾ ಎತ್ತಾದೋ ಗಾಡಿ ಎತ್ತಾದೋ ಡಾಕ್ಟ್ರು?" ಎಂದು ಮೇಷ್ಟ್ರು.

"ಬೀಳೋದು ಗಾಡಿ ತಪ್ಪಾ ಮೇಷ್ಟ್ರೇ? ನಿಮ್ ಸೈಕಲ್ಲಿಂದ ನೀವ್ ಬಿದ್ರಲ್ಲ ಸಂತೇಲಿ, ಅದೇನ್ ಟೂ ಸ್ಟ್ರೋಕಾ?"

ಹೀಗೆ ಪಿಕಪ್ಪು, ಮೈಲೇಜು, ಟೈರು, ಶಾಕ್ ಅಬ್ಸಾರ್ಬರು. ನಾನು ಕಾಫಿ ಕೊಡುವ ನೆಪದಲ್ಲಿ ಎರಡೆರಡು ಸಲ ಹೊರಗೆ ಬಂದು ನಿಲ್ಲುತ್ತಿದ್ದೆ. ಹಿಂದಿನ ಸೀಟಿನ ಮಾತೇ ಬರುತ್ತಿರಲಿಲ್ಲ. ನಾನೋ ಅದನ್ನೇ ನೋಡುತ್ತಿದ್ದೆ. ಹೊಸ ಗಾಡಿಯ ಸೀಟು ಹಿಂದಕ್ಕೆ ಹೋಗುತ್ತ ಹೋಗುತ್ತ ಏರುತ್ತಿತ್ತು. ಒಂದೇ ಪಕ್ಕಕ್ಕೆ ಕೂತು ಬ್ರೇಕು ಬಿತ್ತೆಂದರೆ ಜಾರಿ ಟ್ಯಾಂಕಿನ ಮೇಲೇ ಬರಬೇಕು. ಹಲಗೆಯಿಲ್ಲ, ಬಳೆಯಿಲ್ಲ. ಕಾನೂನಿಗೆಂದು ಒಂದು ತಂತಿಯ ಗಾರ್ಡಿತ್ತು. "ಅದ್ ಇದ್ರೆ ಕೆಸರು ಮೆತ್ಕೊಂಡು ಚಕ್ರ ಹಿಡ್ಕೊತದೆ. ಗದ್ದೆ ಕಡೆ ಹೋಗೋರು ಬಿಚ್ಚಿಸ್ಬಿಡಿ. ಷೋರೂಮ್ ಹಿಂದ್ಗಡೆ ಹುಡುಗ್ರು ಬಿಚ್ಚಿ ಬಿಸಾಕಿರೋದು ಗುಡ್ಡೆ ಬಿದ್ದದೆ" ಎಂದು ಬಾಷಾನೇ ಹೇಳಿದ. ಹಳೇ ಗಾಡಿಯ ದೊಡ್ಡ ಗಾರ್ಡನ್ನು ಇದಕ್ಕೆ ಕೂರಿಸಬಹುದೇ ಎಂದು ನಾನು ಬಾಯಿಬಿಟ್ಟೆ. ಅವನು ಎರಡನ್ನೂ ನೋಡಿ, "ಅಕ್ಕಾ, ಅದನ್ನ ಇದಕ್ಕೆ ಕಟ್ಟಿದ್ರೆ ಗಾಡಿ ಎಡಕ್ಕೇ ಮಲಗ್ತದೆ" ಎಂದ.

ಇವರು ಹೆಲ್ಮೆಟ್ಟನ್ನು ಒರೆಸುತ್ತಾ, "ನಿನಗೆ ಇದರ ಮೇಲೆ ಕೂರೋದು ಕಷ್ಟವೇ. ಇರಲಿ ಬಿಡು, ಅರಕಲಗೂಡಿಗೆ ಹೇಗೂ ಬಸ್ಸಿದೆಯಲ್ಲ" ಎಂದರು.

ಬಸ್ಸಿದೆ. ಗೊತ್ತು. ಹಳೇಕೋಟೆಯಿಂದ ಒಳಗಿನ ಊರಿಗೆ ಬಸ್ಸಿದೆಯೇ? ನಾಲೆಯ ಏರಿಯ ಮೇಲೆ ಬಸ್ಸಿದೆಯೇ? ಸುಮ್ಮನೆ ಹೋಗುವುದಕ್ಕೆ ಬಸ್ಸಿದೆಯೇ? ಇದನ್ನೆಲ್ಲ ಕೇಳದೆ ಲೋಟಗಳನ್ನು ಒಳಗೆ ತಂದು, ತೊಳೆದಿದ್ದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ. ಅಂದಿನಿಂದ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಎನಿಸತೊಡಗಿತು. ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಹಿತ್ತಲಿಗೆ. ಅತ್ತೆ ಜಪಮಾಲೆ ತಿರುಗಿಸುತ್ತಾ, "ಏನೇ ವಸೂ, ಏನಾದ್ರೂ ಕಳೆದುಹೋಗಿದೆಯಾ?" ಎಂದರು. ಇಲ್ಲ ಅತ್ತೆ, ಇನ್ನೂ ಹೋಗಿಲ್ಲ ಎಂದೆ.

ಆ ದಿನಗಳಲ್ಲಿ ಇವರು ಒಬ್ಬರೇ ಹೋದರು. ಹೊಸ ಗಾಡಿಗೆ ಸದ್ದೇ ಇರಲಿಲ್ಲ. ಅರಳಿಕಟ್ಟೆಯ ಹತ್ತಿರ ನಿಂತರೆ ಒಂದು ದನವೂ ಬಂದಿರುವುದಿಲ್ಲ. "ಹಾರನ್ ಹೊಡೆದರೆ ಯಾರೋ ಕುಕ್ಕರ್ ಮಾರೋನು ಅಂತ ಬಾಗಿಲು ಹಾಕ್ಕೊಂಡ್ರು" ಎಂದು ಬಂದು ಗೊಣಗಿದರು. ಪುಟ್ಟಗೌರಮ್ಮ, "ಅವ್ವಾರ್ನ ಯಾಕ್ ಕರ್ಕಂಡ್ ಬರ್ನಿಲ್ಲ ಸಾ? ಅವ್ರತ್ರ ಒಂದ್ ಮಾತಾಡಾದಿತ್ತು" ಎಂದಳಂತೆ. ಏನು ಮಾತು ಎಂದರೆ ಇವರಿಗೆ ಹೇಳಲಿಲ್ಲವಂತೆ. ನನಗೆ ಒಳಗೊಳಗೇ ಖುಷಿಯಾಯಿತು. ಹಳೇದೇ ಉಳಿಯಬಹುದು ಎನಿಸಿತು. ಆದರೆ ಮರುಕ್ಷಣ ಇವರು, "ಆದರೂ ಕೆಸರಲ್ಲಿ ಏನು ಹೋಗುತ್ತೆ ಗೊತ್ತಾ! ಬೆಣ್ಣೆ!" ಎಂದು ಚಿಕ್ಕ ಹುಡುಗರ ಹಾಗೆ ಕಣ್ಣರಳಿಸಿದರು. ಆ ಮುಖ ನೋಡಿ ಹಳೇದನ್ನೇ ಇಟ್ಟುಕೊಳ್ಳಿ ಎನ್ನಲು ನಾಲಿಗೆ ಏಳಲಿಲ್ಲ.

ಹಳೇ ಗಾಡಿ ಉಳಿಯುವುದಿಲ್ಲವೆಂದರೆ ನಾನೇ ಹೊಸ ಥರ ಕೂರುವುದನ್ನು ಕಲಿಯಬೇಕು. ಗಂಡಸರ ಹಾಗೆ ಆ ಕಡೆಗೊಂದು ಈ ಕಡೆಗೊಂದು ಕಾಲು ಹಾಕಿ. ಆಗಿನ ಹುಡುಗಿಯರೆಲ್ಲ ಹಾಗೇ ಕೂರುತ್ತಿದ್ದರು. ಆದರೆ ಅವರ ಮಂಡಿಗಳಿಗೆ ನಮ್ಮ ಸಿಸ್ಟರ್ ಪಾಠ ಹೇಳಿರಲಿಲ್ಲ. ನನಗೆ ಮೊದಲು ಒಬ್ಬಳೇ ಅಭ್ಯಾಸ ಮಾಡಬೇಕಿತ್ತು. ಹಿತ್ತಲಿನ ಕಾಂಪೌಂಡು ಗೋಡೆಯ ಎತ್ತರ ಹೊಸ ಗಾಡಿಯ ಸೀಟಿನಷ್ಟೇ ಇತ್ತು, ಸೆರಗಿನಿಂದ ಅಳೆದು ನೋಡಿದ್ದೆ. ಅತ್ತೆ ಮಧ್ಯಾಹ್ನ ಮಲಗಿದ್ದಾಗ ಹಾಸಿಗೆ ಸುತ್ತಿ ಗೋಡೆಯ ಮೇಲೆ ಉದ್ದಕ್ಕೆ ಹಾಕಿದೆ. ಇವರ ಹಳೇ ಪೈಜಾಮವನ್ನು ಸೀರೆಯೊಳಗೆ ತೊಟ್ಟು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಗೆಯುವ ಕಲ್ಲಿನ ಮೇಲೆ ಹತ್ತಿ, ಕಾಲು ಎಸೆದು ಕೂತುಬಿಟ್ಟೆ. ಮೊದಲು ನಾಚಿಕೆಯಾಯಿತು. ಆಮೇಲೆ ಬೆನ್ನು ನೆಟ್ಟಗಾಯಿತು. ತಲೆಯ ಮೇಲೆ ಪುಸ್ತಕವಿಟ್ಟಿದ್ದರೆ ಬೀಳುತ್ತಿರಲಿಲ್ಲ. ಸ್ವ‌ಲ್ಪ ಹೊತ್ತಿಗೆ ಹಾಸಿಗೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಕೂತಲ್ಲೇ ಕೊಣನೂರಿನವರೆಗೆ ಹೋಗಿ ಕಾವೇರಿಯನ್ನು ನೋಡಿ ತಿರುಗಿಸಿಕೊಂಡೂ ಬಂದೆ.

ಹಳೇ ಗಾಡಿಯಾಗಿದ್ದರೆ ರೈಲ್ವೆ ಗೇಟಿನಲ್ಲೇ ಗೊತ್ತಾಗುತ್ತಿತ್ತು. ಹಾಳಾದ್ದು ಹೊಸ ಗಾಡಿ ಬೆಕ್ಕಿನ ಹಾಗೆ ಬಂದು ಪಕ್ಕದ ಓಣಿಯಲ್ಲಿ ನಿಂತಿತ್ತು. ತಿರುಗಿ ನೋಡಿದರೆ ಇವರು, ಹಿಂದಿನ ಸೀಟಿನಲ್ಲಿ ಶಿವಣ್ಣ ಮೇಷ್ಟ್ರು. ಇಬ್ಬರ ಬಾಯಿಯೂ ತೆರೆದಿತ್ತು. ಮೇಷ್ಟ್ರು ಗಣಿತದವರು, ಕಂಡದ್ದನ್ನು ಬಿಡಿಸದೆ ಬಿಡುವವರಲ್ಲ.

"ಅಮ್ಮಾರು... ಏನ್ ಮಾಡ್ತಾವ್ರೆ?" ಎಂದರು.

ನನಗೆ ಇಳಿಯಲೂ ಆಗಲಿಲ್ಲ, ಪೈಜಾಮ ಪೂರ್ತಿ ಕಾಣುತ್ತದಲ್ಲ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಅತ್ತೆಯ ದನಿ ಬಂತು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ ದೇವರೇ ಬಲ್ಲ.

"ಹಾಸಿಗೆ ಒಣಗ್ಹಾಕ್ತಾ ಇದಾಳೆ ಕಣಪ್ಪ."

"ಮೇಲೆ ಕೂತ್ಕಂಡಾ?"

"ಗಾಳಿ ನೋಡು ಹೆಂಗಿದೆ. ಹಾರಿಹೋಗ್ದೆ ಇರ್ಲಿ ಅಂತ ನಾನೇ ಕೂತ್ಕೋ ಅಂದೆ."

ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಮೇಷ್ಟ್ರು ಬೆರಳು ಎತ್ತಿ ಗಾಳಿ ನೋಡಿ, ನಾಲ್ಕು ದಿಕ್ಕಿಗೂ ಕತ್ತು ತಿರುಗಿಸಿ, "ಊಂ, ಇದೆ ಇದೆ" ಎಂದು ಮನೆಗೆ ನಡೆದೇ ಹೋದರು.

ಅಂದು ಸಂಜೆ ಸಭೆ ಸೇರಲಿಲ್ಲ. ಇವರು ಜಗಲಿಯ ಮೇಲೆ ಒಬ್ಬರೇ ಕೂತು ಟೈರಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದರು. ಅತ್ತೆ ಬತ್ತಿ ಹೊಸೆಯುತ್ತಾ ಹೊಸ್ತಿಲ ಮೇಲೆ ಕೂತರು.

"ಕಿಟ್ಟೂ, ನೀನು ದನದ ಡಾಕ್ಟ್ರು. ಹಸು ಕೊಳ್ಳೋರಿಗೆ ಏನು ಹೇಳ್ತೀಯೋ?"

"ಏನಮ್ಮ?"

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಕರೆದು ನೋಡಿ ಆಮೇಲೆ ತಗೊಳ್ಳಿ ಅಂತ ತಾನೆ? ಯಾರು ಕರೆದು ನೋಡ್ಬೇಕು? ಬೀದಿಯವನಾ, ದಿನಾ ಕರೆಯೋಳಾ?"

"ದಿನಾ ಕರೆಯೋರೇ. ಹಸು ಆ ಕೈಗೆ ಒಗ್ಗಬೇಕಲ್ಲ."

"ಮತ್ತೆ ಇಷ್ಟು ದಿನದಿಂದ ಬಾಷಾನ್ನ ಕೇಳ್ದೆ, ಮೇಷ್ಟ್ರನ್ನ ಕೇಳ್ದೆ. ಹಿಂದೆ ಕೂರೋಳನ್ನ ಕೇಳಿದ್ಯಾ?"

ಕಡ್ಡಿ ನಿಂತಿತು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ತಿರುಗಿಯೂ ನೋಡದೆ, "ಏ ವಸೂ, ಆ ಪೈಜಾಮ ತೆಗೆದಿಡು. ನಿಮ್ಮಕ್ಕ ಕೊಟ್ಟ ಚೂಡಿದಾರ ಟ್ರಂಕಿನ ತಳದಲ್ಲಿ ಇಟ್ಟಿದ್ದೀಯಲ್ಲ, ಅದನ್ನ ಬಿಸಿಲಿಗೆ ಹಾಕು. ನ್ಯಾಫ್ತಲಿನ್ ವಾಸನೆ ಹೊಡೀತಿದೆ" ಎಂದರು. ಚನ್ನರಾಯಪಟ್ಟಣದ ನಮ್ಮಕ್ಕ ಅದನ್ನು ಕೊಟ್ಟು ಎಷ್ಟೋ ವರ್ಷವಾಗಿತ್ತು. ಆ ಟ್ರಂಕಿನ ಕೀ ಯಾವಾಗಲೂ ನನ್ನ ಹತ್ತಿರವೇ ಇರುತ್ತಿತ್ತು ಎಂದು ನಾನು ನಂಬಿದ್ದೆ.

ಸೀರೆ ಗಾರ್ಡು ತೊಂಡೆಬಳ್ಳಿಯ ಪಾಲಾಗಿದೆ ಎಂದ ಮೇಲೆ ಯಾವ ಗಾಡಿ ಉಳಿಯಿತು ಎಂದು ನೀವು ಆಗಲೇ ಊಹಿಸಿರುತ್ತೀರಿ. ಹಳೇದನ್ನು ಕೊಂಡುಕೊಂಡು ಹೋದವನು ಹಾಲಿನವನು. ಎರಡೂ ಪಕ್ಕಕ್ಕೆ ಕ್ಯಾನು ನೇತುಹಾಕಬೇಕೆಂದು ಗಾರ್ಡನ್ನು ಬಿಚ್ಚಿ, "ಅವ್ವಾರೆ, ಇದು ನಿಮ್ದೇಯ, ಮಡಿಕ್ಕಳಿ" ಎಂದು ನನ್ನ ಕೈಗೇ ಕೊಟ್ಟ. ಎತ್ತಲಾರದೆ ಅಲ್ಲೇ ಹಿತ್ತಲ ಗೋಡೆಗೆ ಒರಗಿಸಿದೆ, ಅಲ್ಲೇ ಇದೆ. ಆದರೆ ಅದೆಲ್ಲ ಆಮೇಲಿನ ಮಾತು. ಅತ್ತೆಯ ಮಾತಾದ ಮೇಲೆ ಬಂದ ಆ ಭಾನುವಾರ ಬೆಳಿಗ್ಗೆ ಇನ್ನೂ ಏನೂ ತೀರ್ಮಾನವಾಗಿರಲಿಲ್ಲ.

ಚೂಡಿದಾರ ತೊಟ್ಟು ಗೇಟಿಗೆ ಬಂದೆ. ಬೀದಿಯ ಎಲ್ಲ ಕಿಟಕಿಗಳೂ ನನ್ನನ್ನೇ ನೋಡುತ್ತಿವೆ ಎನಿಸಿತು; ನಿಜವಾಗಿ ನೋಡುತ್ತಿದ್ದದ್ದು ಒಂದು ಕರು ಮಾತ್ರ. ಇವರ ಭುಜ ಹಿಡಿದು ಕಾಲು ಎಸೆದೆ. ಗೋಡೆಯ ಅಭ್ಯಾಸ ಕೈಬಿಡಲಿಲ್ಲ. ಗಾಡಿ ಹೊರಟಿತು. ಅರಕಲಗೂಡಿನ ರಸ್ತೆಗೆ ಬಿದ್ದ ಮೇಲೆ ಎಡಗಡೆಯನ್ನು ನೋಡಿದೆ, ಎಲ್ಲವೂ ಗುರುತಿನದೇ. ಬಲಗಡೆಗೆ ತಿರುಗಿದೆ. ಅಲ್ಲೂ ಬೆಳಗಾಗಿತ್ತು! ನನಗೆ ಕತ್ತಲಾಗುವ ಹೊತ್ತಿನಲ್ಲಿ ಮಾತ್ರ ಗೊತ್ತಿದ್ದ ಮರಗಳ ಮೇಲೆ ಬಿಸಿಲು ಬಿದ್ದಿತ್ತು. ಮುಚ್ಚಿಯೇ ಇರುತ್ತಿದ್ದ ಅಂಗಡಿಯಲ್ಲಿ ಪೂರಿ ಕರಿಯುತ್ತಿದ್ದರು. ಹಳ್ಳವೊಂದು ಅಲ್ಲಿ ಹರಿಯುವುದು ಸಂಜೆಯ ಮಬ್ಬಿನಲ್ಲಿ ನನಗೆ ಕಂಡೇ ಇರಲಿಲ್ಲ. ಕತ್ತನ್ನು ಅತ್ತಿತ್ತ ತಿರುಗಿಸಿ ತಿರುಗಿಸಿ ಸಾಕಾಗಲಿಲ್ಲ. ಇವರು, "ಅಲ್ಲಾಡಬೇಡವೇ, ಗಾಡಿ ಎಳೆಯುತ್ತೆ" ಎಂದು ಕೂಗಿದರು.

ಆಗ ನೀಲಿ ಬಾಗಿಲು ಬಂತು. ಜಗಲಿಯ ಮೇಲೆ ಅವಳು ಕೂತಿರಲಿಲ್ಲ. ಅಂಗಳದ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಕೋಲು ಹಿಡಿದು ನಿಂತಿದ್ದಳು. ಸುತ್ತ ಹತ್ತಾರು ಹೆಂಗಸರು ಹೊಗೆಸೊಪ್ಪನ್ನು ಕೋಲಿಗೆ ಪೋಣಿಸುತ್ತಾ ಅವಳ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ಹಿಂದೆ ಸೊಪ್ಪು ಬೇಯಿಸುವ ಎತ್ತರದ ಮನೆ, ಬ್ಯಾರನ್, ಹೊಗೆಯಾಡುತ್ತಿತ್ತು. ನಾನು ರೂಢಿಯಂತೆ ಇವರ ಎಡಗಿವಿಗೆ ಬಾಗಿ ಹೇಳಹೋದೆ. ಮೂಗು ಹೆಲ್ಮೆಟ್ಟಿಗೆ ಬಡಿಯಿತು.

"ಏನು?"

"ಆ ನೀಲಿ ಬಾಗಿಲು..."

"ಏನು? ಕೇಳ್ತಿಲ್ಲ!"

ಒಂದೇ ಪಕ್ಕಕ್ಕೆ ಕೂತಿದ್ದಾಗ ಅಷ್ಟು ಸದ್ದಿನ ಗಾಡಿಯಲ್ಲೂ ನನ್ನ ಬಾಯಿ ಅವರ ಕಿವಿಯ ಪಕ್ಕದಲ್ಲೇ ಇರುತ್ತಿತ್ತು. ಈಗ ಸದ್ದಿಲ್ಲ, ಆದರೆ ಮುಂದೆ ಕಪ್ಪು ಬುರುಡೆ. ಇನ್ನು ಎಲ್ಲವನ್ನೂ ನೋಡಿ ನುಂಗಿಕೊಳ್ಳುವುದೇ ಆಯಿತು ಎಂದುಕೊಳ್ಳುತ್ತಿದ್ದೆ. ಗಾಡಿ ನಿಂತಿತು. ಇವರು ಹೆಲ್ಮೆಟ್ಟು ಬಿಚ್ಚಿ, ತಿರುಗಿ, "ಈಗ ಹೇಳು" ಎಂದರು.

ಹೇಳಿದೆ. ಹತ್ತು ವರ್ಷದ ಸಂಜೆಗಳನ್ನೆಲ್ಲ ಹೇಳಿದೆ. ಅವಳ ಗಂಡನನ್ನು ನಾನು ಊರು ಬಿಡಿಸಿದ್ದನ್ನೂ ಹೇಳಿದೆ. "ಯಾವ ಮನೆ? ನಾನು ನೋಡೇ ಇಲ್ಲವಲ್ಲ" ಎಂದರು. ನೋಡುವುದು ಹೇಗೆ, ಅವರ ಕಣ್ಣು ಹಳ್ಳ ದಿಣ್ಣೆಗಳ ಮೇಲೆ. "ನಡಿ, ನೋಡೋಣ" ಎಂದು ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಗಾಡಿ ತಿರುಗಿಸಿದರು. ಈಗ ಆ ಮನೆ ನನ್ನ ಎಡಗಡೆಗೆ ಬಂತು. ಆದರೂ ಬೆಳಗೇ ಇತ್ತು.

ನಮ್ಮನ್ನು ಕಂಡು ಅವಳು ಕೋಲು ಊರಿಕೊಂಡು ಬಂದಳು. "ಯಾರ್ ಬೇಕಾಗಿತ್ತು ಸಾ?" ಎಂದವಳು ನನ್ನ ಮುಖ ನೋಡಿ ನಿಂತಳು. "ಅಯ್ಯೋ, ಪಟಪಟ ಅಂತ ಓಗ್ತಿದ್ದ ಅಸ್ರು ಗಾಡಿಯೋರಲ್ವಾ ನೀವು? ದಿನವೆಲ್ಲ ಇವ್ರ ಜೊತೆ ಬಡ್ಕಂಡು, ಸಂಜೆ ಉಸ್ಸಪ್ಪಾ ಅಂತ ಕೂತ್ಕಳೋಳು ನಾನು. ನೀವೋ ಒಂದೇ ಮಗ್ಗುಲ್ಗೆ ಕೂತ್ಕಂಡು, ಮಕ ಸಪ್ಪಗ್ ಮಾಡ್ಕಂಡು, ನನ್ನೇ ನೋಡ್ಕಂಡ್ ನೋಡ್ಕಂಡ್ ಓಗೋರು. ಪಾಪ, ಈವಮ್ಮಂಗೆ ಮನೇಲಿ ಏನ್ ಕಷ್ಟವೋ ಅಂದ್ಕತಿದ್ದೆ ಕಣ್ರವ್ವ!"

ಸೊಪ್ಪು ಪೋಣಿಸುತ್ತಿದ್ದವರೆಲ್ಲ ಘೊಳ್ಳೆಂದರು. ನಮ್ಮ ಯಜಮಾನರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾನು ಅವಳಿಗೆ, "ಈಗ ಹೇಗೆ ಕಾಣ್ತೀನಿ?" ಎಂದೆ.

ಅವಳು ನನ್ನನ್ನೂ ಗಾಡಿಯನ್ನೂ ಎರಡೂ ಕಡೆಗಿದ್ದ ಕಾಲುಗಳನ್ನೂ ಕೊಳ್ಳುವವಳ ಹಾಗೆ ನಿಧಾನವಾಗಿ ನೋಡಿ, "ಅಡ್ಡಿಲ್ಲ ಬುಡಿ. ಗಟ್ಟಿಗಿತ್ತಿ ಅಂಗ್ ಕಾಣ್ತೀರಿ" ಎಂದಳು.

ರಸ್ತೆಗೆ ಬಂದ ಮೇಲೆ ಇವರು ಗಾಡಿಯನ್ನು ಸ್ಟಾರ್ಟ್ ಮಾಡದೆ, ಮುಂದಕ್ಕೆ ನೋಡುತ್ತಲೇ ಕೇಳಿದರು. ಅಷ್ಟು ದಿನದಲ್ಲಿ ಮೊದಲ ಸಲ ಕೇಳಿದರು.

"ಏನೇ, ತಗೊಳ್ಳೋಣವಾ?"

ಹೆಲ್ಮೆಟ್ಟು ನನ್ನ ತೊಡೆಯ ಮೇಲೆ ಸಿಹಿಗುಂಬಳದ ಹಾಗೆ ಕೂತಿತ್ತು. ಎಡಗಿವಿ ಖಾಲಿಯಿತ್ತು. ನಾನು ಬಾಗಿ ಹೇಳಿದೆ.

"ಬೆಳಗಿನದು ಕರೆದು ನೋಡಿದ್ದಾಯ್ತು. ಸಂಜೇದು ಬಾಕಿ ಇದೆಯಲ್ಲ. ನಿಮ್ಮಕ್ಕನ ಮನೆಯಲ್ಲಿ ಊಟ ಮುಗಿಸಿ, ಹಾಗೇ ಕೊಣನೂರಿನವರೆಗೂ ಹೋಗಿ ಬರೋಣ."

"ಕೊಣನೂರಲ್ಲಿ ಏನು ಕೆಲಸ?"

"ಏನೂ ಇಲ್ಲ" ಎಂದೆ. "ಸುಮ್ಮನೆ."